‘ಟ್ರಸ್ಟ್’ ಎಂದರೆ ಉರ್ದುವಿನಲ್ಲಿ ಏನು?

ನಮ್ಮ ನೆರೆಮನೆಯ ಹುಡುಗಿ ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದವಳು. ಈಗ ಪಿ.ಯು.ಸಿ.ಗೆ ಸೇರಿದ್ದಾಳೆ; ಅಲ್ಲಿ ಎಲ್ಲವೂ ಇಂಗ್ಲಿಷ್. ಗೊತ್ತಿಲ್ಲದ ಪದ ಎದುರಾದಾಗ ಮೊದಲು ಅದನ್ನು ಉರ್ದುವಿಗೆ ತಂದುಕೊಂಡು, ಬಳಿಕ ಕನ್ನಡದಲ್ಲಿ ತೂಗಿ ನೋಡುವುದು ಅವಳ ರೂಢಿ. ಒಳ್ಳೆಯ ರೂಢಿಯೇ. ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದೊಂದು ಅನುಕೂಲವೆಂದು ನಾನು ತಿಳಿದಿದ್ದೇನೆ. ಒಂದು ಸಂಜೆ ಅವಳು ನೋಟ್‌ಬುಕ್ ಹಿಡಿದು ಬಂದು, “ಚಾಚಾ, ‘ಟ್ರಸ್ಟ್’ ಅಂದ್ರೆ ಭರೋಸಾ ಅಲ್ವಾ? ಮತ್ತೆ ಈ ವಾಕ್ಯಗಳಲ್ಲಿ ಅದು ಯಾಕೆ ಕೂಡಿ ಬರೋದಿಲ್ಲ?” ಎಂದು ಕೇಳಿದಳು.

ನೋಟ್‌ಬುಕ್ಕಿನಲ್ಲಿ ಐದು ವಾಕ್ಯಗಳಿದ್ದವು. ಮೊದಲನೆಯದು ‘ಐ ಟ್ರಸ್ಟ್ ಮೈ ಬ್ರದರ್’. ಇದಕ್ಕೆ ‘ಮುಝೆ ಅಪ್ನೇ ಭಾಯಿ ಪರ್ ಭರೋಸಾ ಹೈ’ ಎಂದು ಬರೆದಿದ್ದಳು, ಸರಿಯಾಗಿತ್ತು. ಎರಡನೆಯದು, ಪತ್ರಗಳಲ್ಲಿ ಬರುವ ‘ಐ ಟ್ರಸ್ಟ್ ಯೂ ಆರ್ ವೆಲ್’. ಇದಕ್ಕೂ ಭರೋಸಾ ಎಂದೇ ಬರೆದಿದ್ದಳು. ‘ನೀವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ’ ಎಂಬಲ್ಲಿ ನಂಬುವುದು ಏನನ್ನು? ಇದು ಆಶಿಸುವ ಮಾತು ಮಾತ್ರ. ಉರ್ದುವಿನಲ್ಲಿ ‘ಉಮ್ಮೀದ್ ಹೈ ಕೆ ಆಪ್ ಖೈರಿಯತ್ ಸೇ ಹೋಂಗೆ’ ಎನ್ನುತ್ತಾರೆ. ಮೂರನೆಯದು ಅಮೆರಿಕದ ನಾಣ್ಯ ನೋಟುಗಳ ಮೇಲೆ ಕಾಣುವ ‘ಇನ್ ಗಾಡ್ ವಿ ಟ್ರಸ್ಟ್’. ನಾಲ್ಕನೆಯದು ‘ಹೀ ಬಿಟ್ರೇಯ್ಡ್ ದ ಟ್ರಸ್ಟ್’. ಐದನೆಯದು ‘ದಿಸ್ ಸ್ಕೂಲ್ ಈಸ್ ರನ್ ಬೈ ಎ ಟ್ರಸ್ಟ್’. ಈ ಐದನೆಯದಕ್ಕೂ ಭರೋಸಾ ಹಾಕಿ, ‘ಈ ಶಾಲೆಯನ್ನು ಒಂದು ಭರೋಸಾ ನಡೆಸುತ್ತಿದೆ’ ಎಂದಾದಾಗ ಅವಳಿಗೇ ನಗು ಬಂದಿತ್ತು.

ತಪ್ಪು ಅವಳದಲ್ಲ. ಇಂಗ್ಲಿಷಿನವರು ಒಂದೇ ಸೂರಿನಡಿ ಇಟ್ಟದ್ದನ್ನು ಉರ್ದು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದೆ. ‘ಟ್ರಸ್ಟ್’ ಎಂಬುದು ಇಂಗ್ಲಿಷಿಗೆ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಅಲ್ಲಿ ಅದರ ಅರ್ಥ ಆಸರೆ, ಬಲ, ಧೈರ್ಯ ಎಂದಿತ್ತು. ‘ಟ್ರೂ’, ಅಂದರೆ ಸತ್ಯ ಎಂಬ ಪದವೂ ಇದೇ ವಂಶದ್ದು. ಆಸರೆಯೆಂಬ ಆ ಒಂದು ಭಾವದಿಂದ ಹೊರಟ ಪದ ಇಂದು ಮನಸ್ಸಿನ ಭಾವನೆಗೂ, ಕೈಗೊಪ್ಪಿಸಿದ ವಸ್ತುವಿಗೂ, ಸಂಸ್ಥೆಗೂ ಹೆಸರಾಗಿದೆ. ಹಿಂದೆ ಅಂಗಡಿಯ ಉದ್ರಿಗೂ ಇಂಗ್ಲಿಷಿನಲ್ಲಿ ‘ಟ್ರಸ್ಟ್’ ಎನ್ನುತ್ತಿದ್ದರು. ‘ಇಂದು ನಗದು, ನಾಳೆ ಉದ್ರಿ’ ಎಂದು ನಮ್ಮ ಅಂಗಡಿಗಳಲ್ಲಿ ತೂಗುಹಾಕುವ ಫಲಕವನ್ನು ಆ ಕಾಲದ ಇಂಗ್ಲಿಷಿನವನು ಬರೆದಿದ್ದರೆ ‘ಟ್ರಸ್ಟ್’ ಪದವನ್ನೇ ಬಳಸುತ್ತಿದ್ದ. ಇನ್ನು 1890ರಲ್ಲಿ ಅಮೆರಿಕದಲ್ಲಿ ದೊಡ್ಡ ಕಂಪೆನಿಗಳು ಒಂದಾಗಿ ಮಾರುಕಟ್ಟೆಯನ್ನು ಕೈವಶ ಮಾಡಿಕೊಳ್ಳುವುದರ ವಿರುದ್ಧ ಕಾನೂನು ಬಂತು. ಅಂಥ ಕೂಟಗಳನ್ನೂ ಟ್ರಸ್ಟ್ ಎಂದೇ ಕರೆಯುತ್ತಿದ್ದರು. ಆದ್ದರಿಂದ ‘ಆಂಟಿ ಟ್ರಸ್ಟ್’ ಎಂದು ಪತ್ರಿಕೆಯಲ್ಲಿ ಓದಿದರೆ ನಂಬಿಕೆಯ ವಿರೋಧಿಗಳೆಂದು ಯಾರೂ ತಿಳಿಯಬಾರದು.

ಮೊದಲು ಮನಸ್ಸಿಗೆ ಸಂಬಂಧಿಸಿದ ಪದಗಳನ್ನು ನೋಡೋಣ. ಭರೋಸಾ ಈ ನೆಲದ ಪದ. ಕನ್ನಡದ ‘ಭರವಸೆ’ಯ ನೆಂಟ. ‘ಏತಿಬಾರ್’ ಅರಬಿಯಿಂದ ಬಂದದ್ದು. ಅದರ ಧಾತುವಿನಲ್ಲಿ ದಾಟುವುದು ಎಂಬ ಅರ್ಥವಿದೆ. ಕಣ್ಣಿಗೆ ಕಂಡ ಒಂದು ಸಂಗತಿಯಿಂದ ಕಾಣದ ಇನ್ನೊಂದಕ್ಕೆ ಮನಸ್ಸು ದಾಟುವುದು. ಪಾಠ ಕಲಿಯುವುದು ಎಂಬರ್ಥದ ‘ಇಬ್ರತ್’ ಕೂಡ ಇದೇ ಧಾತುವಿನದು. ಅರಬಿಯಲ್ಲಿ ಏತಿಬಾರ್ ಎಂದರೆ ಮುಖ್ಯವಾಗಿ ಪರಿಗಣಿಸುವುದು, ಪಾಠ ಪಡೆಯುವುದು. ಉರ್ದುವಿನಲ್ಲಿ ಅದು ನಂಬಿಕೆಯ ಅರ್ಥಕ್ಕೆ ಒಗ್ಗಿಕೊಂಡಿದೆ. ಹೀಗಾಗಿ ಏತಿಬಾರ್‌ಗೆ ಅನುಭವದ ಬೆಂಬಲ ಬೇಕು. ಒಬ್ಬನ ನಡೆನುಡಿಯನ್ನು ಕಂಡು ಅದು ಹುಟ್ಟುತ್ತದೆ. ಅವನು ಸುಳ್ಳು ಹೇಳಿ ಸಿಕ್ಕಿಬಿದ್ದರೆ ‘ಏತಿಬಾರ್ ಉಠ್ ಗಯಾ’ ಎನ್ನುತ್ತೇವೆ. ‘ಏತಿಮಾದ್’ ಎಂಬುದರಲ್ಲಿ ಕಂಬವಿದೆ. ಅರಬಿಯಲ್ಲಿ ‘ಅಮೂದ್’ ಎಂದರೆ ಕಂಬ. ಅದಕ್ಕೆ ಒರಗಿ ನಿಲ್ಲುವುದು ಏತಿಮಾದ್. ‘ಸೆಲ್ಫ್ ಕಾನ್ಫಿಡೆನ್ಸ್’ ಎಂಬುದಕ್ಕೆ ಉರ್ದುವಿನಲ್ಲಿ ‘ಖುದ್ ಏತಿಮಾದೀ’ ಎನ್ನುತ್ತಾರೆಯೇ ಹೊರತು ಖುದ್ ಏತಿಬಾರೀ ಎನ್ನುವುದಿಲ್ಲ.

ಈ ಮೂರೂ ಮನುಷ್ಯರ ನಡುವಿನ ಮಾತು. ಮೇಲಿನ ಮೂರನೆಯ ವಾಕ್ಯಕ್ಕೆ ಇನ್ನೊಂದು ಪದವೇ ಬೇಕು. 1956ರಲ್ಲಿ ಅಮೆರಿಕ ತನ್ನ ಅಧಿಕೃತ ಘೋಷವಾಕ್ಯವಾಗಿ ಅಂಗೀಕರಿಸಿದ ಆ ಮಾತನ್ನು ಉರ್ದುವಿಗೆ ತರುವಾಗ ಭರೋಸಾ ತಪ್ಪೇನಲ್ಲ. ಜನ ‘ಅಲ್ಲಾಹ್ ಪರ್ ಭರೋಸಾ’ ಎಂದು ಹೇಳುತ್ತಾರೆ. ಆದರೆ ಅದಕ್ಕೆಂದೇ ಇರುವ ಪದ ‘ತವಕ್ಕುಲ್’. ಇದರ ಧಾತುವಿನಿಂದಲೇ ‘ವಕೀಲ್’ ಹುಟ್ಟಿದೆ, ಕನ್ನಡದ ‘ವಕೀಲ’ರೂ ಅವರೇ. ತನ್ನ ವ್ಯವಹಾರವನ್ನು ಒಬ್ಬನಿಗೆ ಒಪ್ಪಿಸಿಬಿಡುವುದು ಇದರ ಹುರುಳು. ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಮಾಡಲೇ ಎಂದು ಕೇಳಿದವನಿಗೆ ಮೊದಲು ಅದನ್ನು ಕಟ್ಟು, ಆಮೇಲೆ ತವಕ್ಕುಲ್ ಮಾಡು ಎಂದು ಪ್ರವಾದಿವರ್ಯರು(ಸ) ತಿಳಿಸಿದ ವಿಷಯ ತಿರ್ಮಿದಿಯಲ್ಲಿದೆ. ಈ ಹಗ್ಗದ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ನಾಲ್ಕನೆಯ ವಾಕ್ಯ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ‘ಹೀ ಬಿಟ್ರೇಯ್ಡ್ ದ ಟ್ರಸ್ಟ್.’ ಇದಕ್ಕೆ ‘ಭರೋಸಾ ತೋಡಾ’ ಎಂದು ಅವಳು ಬರೆದಿದ್ದಳು. ಮಾತು ಕೊಟ್ಟು ತಪ್ಪಿದವನಿಗೆ, ಗುಟ್ಟು ಬಿಟ್ಟುಕೊಟ್ಟ ಗೆಳತಿಗೆ ಅದು ಸಲ್ಲುತ್ತದೆ. ಆದರೆ ವಶಕ್ಕೆ ಕೊಟ್ಟ ಹಣವನ್ನು ನುಂಗಿದವನಿಗೆ ಉರ್ದು ಬೇರೆ ಮಾತನ್ನೇ ಇಟ್ಟಿದೆ: ‘ಅಮಾನತ್ ಮೇಂ ಖಿಯಾನತ್ ಕೀ’. 1860ರ ಭಾರತೀಯ ದಂಡ ಸಂಹಿತೆಯನ್ನು ‘ತಾಝೀರಾತೆ ಹಿಂದ್’ ಎಂಬ ಹೆಸರಿನಲ್ಲಿ ಉರ್ದುವಿಗೆ ತಂದವರಲ್ಲಿ ಡೆಪ್ಯುಟಿ ನಝೀರ್ ಅಹ್ಮದರೂ ಒಬ್ಬರು. 1869ರಲ್ಲಿ ‘ಮಿರಾತುಲ್ ಉರೂಸ್’ ಎಂಬ ಕಾದಂಬರಿ ಬರೆದು ಮನೆಮಾತಾದವರು, ಮುಂದೆ ಪವಿತ್ರ ಕುರ್‌ಆನನ್ನೂ ಉರ್ದುವಿಗೆ ಅನುವಾದಿಸಿದವರು ಇವರೇ. ‘ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್’ ಎಂಬ ಅಪರಾಧಕ್ಕೆ ಉರ್ದು ಕಾನೂನಿನಲ್ಲಿ ನೆಲೆನಿಂತ ಹೆಸರು ‘ಖಿಯಾನತೆ ಮುಜ್ರಿಮಾನಾ’. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಿಂದೆ 405ನೆಯ ಕಲಮಿನಲ್ಲಿದ್ದ ಈ ಅಪರಾಧ ಈಗ 316ರಲ್ಲಿದೆ. ಕನ್ನಡದಲ್ಲಿ ಇದನ್ನು ‘ನಂಬಿಕೆ ದ್ರೋಹ’ ಎನ್ನುತ್ತೇವೆ. ಕನ್ನಡದ ಮಾತು ಮುರಿದುಹೋದ ಮನಸ್ಸನ್ನು ನೋಡುತ್ತದೆ. ಉರ್ದುವಿನ ಮಾತು ಕೈಯಲ್ಲಿದ್ದ ವಸ್ತುವಿಗೆ ಏನಾಯಿತೆಂದು ಕೇಳುತ್ತದೆ.

‘ಅಮಾನತ್’ ಎಂಬುದರ ಧಾತು ಅಲಿಫ್, ಮೀಮ್, ನೂನ್ ಎಂಬ ಮೂರು ಅಕ್ಷರಗಳು. ನಿರ್ಭಯ, ಸುರಕ್ಷೆ ಎಂಬುದು ಅವುಗಳ ಭಾವ. ‘ಅಮ್ನ್’ ಎಂದರೆ ಶಾಂತಿ, ‘ಈಮಾನ್’ ಎಂದರೆ ವಿಶ್ವಾಸ, ‘ಮುಅ್‌ಮಿನ್’ ಎಂದರೆ ವಿಶ್ವಾಸಿ, ‘ಅಮೀನ್’ ಎಂದರೆ ಅಮಾನತ್ತನ್ನು ಕಾಯುವವನು. ಪ್ರವಾದಿತ್ವ ದೊರೆಯುವ ಮೊದಲೇ ಮಕ್ಕಾದ ಜನ ಪ್ರವಾದಿವರ್ಯರನ್ನು(ಸ) ಅಲ್ ಅಮೀನ್ ಎಂದು ಕರೆಯುತ್ತಿದ್ದರು. ಮುಂದೆ ಅದೇ ಜನ ಅವರ ಪ್ರಾಣಕ್ಕೆ ಹೊಂಚು ಹಾಕಿದಾಗಲೂ ತಮ್ಮ ಬೆಲೆಬಾಳುವ ಒಡವೆಗಳನ್ನು ಅವರ ಬಳಿಯಲ್ಲೇ ಇರಿಸಿದ್ದರು! 622ರಲ್ಲಿ ಮದೀನಾಕ್ಕೆ ಹೊರಡುವಾಗ ಅವರು ಹಝ್ರತ್ ಅಲಿಯವರನ್ನು(ರ) ಹಿಂದೆ ನಿಲ್ಲಿಸಿ, ಆ ಅಮಾನತ್ತುಗಳನ್ನೆಲ್ಲ ವಾರಸುದಾರರಿಗೆ ತಲುಪಿಸಲು ಹೇಳಿದರು. ಇಲ್ಲಿ ಎರಡು ಕಡೆಯವರ ನಡುವೆ ಪ್ರೀತಿಯಿರಲಿಲ್ಲ, ಒಂದು ಕಡೆಯಿಂದ ಹಗೆಯೇ ಇತ್ತು. ಆದರೂ ಅಮಾನತ್ ಅಮಾನತ್ತಾಗಿಯೇ ಉಳಿಯಿತು. ಭರೋಸಾ ಕೊಟ್ಟವನ ಎದೆಯಲ್ಲಿರುತ್ತದೆ. ಅಮಾನತ್ ಪಡೆದವನ ಹೆಗಲ ಮೇಲಿರುತ್ತದೆ. ಕೊಟ್ಟವನ ಭರೋಸಾ ನಾಳೆ ಕರಗಿಹೋಗಬಹುದು, ಪಡೆದವನ ಹೊರೆ ಅದರಿಂದ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ.

ಇದೇ ಪದ ಕನ್ನಡಕ್ಕೂ ಬಂದು ವಿಚಿತ್ರವಾಗಿ ತಿರುಗಿಕೊಂಡಿದೆ. ಉತ್ತರ ಭಾರತದ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಕಾಯ್ದಿಡುವ ಕೊಠಡಿಗೆ ‘ಅಮಾನತೀ ಸಾಮಾನ್ ಘರ್’ ಎಂಬ ಫಲಕವಿರುತ್ತದೆ. ಅದು ಮೂಲದ ಅರ್ಥಕ್ಕೆ ಸಮೀಪವಾದುದು. ನಮ್ಮ ಕನ್ನಡ ಪತ್ರಿಕೆಗಳಲ್ಲಾದರೋ ‘ಅಧಿಕಾರಿ ಅಮಾನತು’ ಎಂಬ ತಲೆಬರಹ ಆಗಾಗ ಕಾಣುತ್ತದೆ. ಅಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಎಷ್ಟೋ ಸಲ ಸಾರ್ವಜನಿಕ ಹಣದ ಅಮಾನತ್ತಿನಲ್ಲಿ ಖಿಯಾನತ್ ಮಾಡಿದ ಆರೋಪಕ್ಕಾಗಿಯೇ ಆತ ‘ಅಮಾನತು’ ಆಗಿರುತ್ತಾನೆ. ‘ಅಮೀನ’ನ ಕತೆಯೂ ಹಾಗೆಯೇ. ನಮ್ಮ ಹಳ್ಳಿಗಳಲ್ಲಿ ಅಮೀನ ಬಂದನೆಂದರೆ ಕೋರ್ಟಿನಿಂದ ಸಮನ್ಸೋ ಜಪ್ತಿಯೋ ಬಂತೆಂದು ಜನ ಹೆದರುತ್ತಿದ್ದರು.

ಅಮಾನತ್ ಎಂದರೆ ಹಣ, ಒಡವೆ ಮಾತ್ರ ಎಂದುಕೊಳ್ಳಬೇಡಿ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಆಜ್ಞಾಪಿಸುವ ಅನ್ನಿಸಾ ಅಧ್ಯಾಯದ 58ನೆಯ ಸೂಕ್ತವನ್ನು ವ್ಯಾಖ್ಯಾನಕಾರರು ಕಅಬಾದ ಬೀಗದ ಕೈಯ ಘಟನೆಯೊಂದಿಗೆ ಜೋಡಿಸಿ ಹೇಳುತ್ತಾರೆ. 630ರಲ್ಲಿ ಮಕ್ಕಾ ವಿಜಯವಾದಾಗ ಆ ಕೀಲಿಯನ್ನು ಹಿಂದಿನಿಂದಲೂ ಕಾಯುತ್ತಿದ್ದ ಉಸ್ಮಾನ್ ಬಿನ್ ತಲ್ಹಾರಿಗೇ ಮರಳಿಸಲಾಯಿತು. ಅಧಿಕಾರವೂ ಅಮಾನತ್ತೇ, ಗುಟ್ಟೂ ಅಮಾನತ್ತೇ.

ಇನ್ನು ಐದನೆಯ ವಾಕ್ಯದ ಟ್ರಸ್ಟ್. ಸಂಸ್ಥೆಯ ಹೆಸರಿನಲ್ಲಿ ಬಂದಾಗ ಉರ್ದು ಅದನ್ನು ಬಹುಮಟ್ಟಿಗೆ ‘ಟ್ರಸ್ಟ್’ ಎಂದೇ ಉಳಿಸಿಕೊಂಡಿದೆ. ಅನೇಕರು ಇದನ್ನೂ ‘ವಕ್ಫ್’ ಅನ್ನೂ ಒಂದೇ ಎಂದು ತಿಳಿಯುತ್ತಾರೆ. ಟ್ರಸ್ಟಿನಲ್ಲಿ ಆಸ್ತಿಯ ಒಡೆತನ ಟ್ರಸ್ಟಿಗಳ ಹೆಸರಿಗೆ ಬರುತ್ತದೆ; ಅದರ ಪ್ರಯೋಜನ ಮಾತ್ರ ಬೇರೆಯವರಿಗೆ. ವಕ್ಫ್‌ನಲ್ಲಾದರೋ ಹನಫೀ ಫಿಕ್ಹ್‌ನ ಪ್ರಚಲಿತ ಅಭಿಪ್ರಾಯದಂತೆ ಒಡೆತನ ಅಲ್ಲಾಹನದು, ಮುತವಲ್ಲಿ ನೋಡಿಕೊಳ್ಳುವವನು ಅಷ್ಟೇ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯೇ ತಾನು ವಕ್ಫ್‌ನ ನಿಯಮಗಳಿಗೆ ಕೈಹಾಕುವುದಿಲ್ಲವೆಂದು ಆರಂಭದಲ್ಲಿ ಹೇಳಿಕೊಂಡಿದೆ. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಒಂದು ಹಿಂದೂ ಮಠದ ಆಸ್ತಿಯ ಮೊಕದ್ದಮೆ ಬಂದಾಗ ತೀರ್ಪು ಬರೆದವರು ಸಯ್ಯದ್ ಅಮೀರ್ ಅಲಿ. ಮಠದ ಸ್ವಾಮಿಗಳಾಗಲಿ ಮುತವಲ್ಲಿಯಾಗಲಿ ಇಂಗ್ಲಿಷ್ ಕಾನೂನಿನ ಅರ್ಥದಲ್ಲಿ ಟ್ರಸ್ಟಿಗಳಲ್ಲ, ಏಕೆಂದರೆ ಆಸ್ತಿ ಅವರಿಗೆ ಸೇರುವುದೇ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಒಂದು ಪದವನ್ನು ಅನುವಾದಿಸುವಾಗ ಎಡವಿದರೆ ಒಡೆತನವೇ ಕೈ ಬದಲಾಯಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಇದೆಲ್ಲವನ್ನೂ ಕೇಳಿ ಹುಡುಗಿ ಬರೆದುಕೊಂಡಳು. ಆದರೆ ನನ್ನ ಮನಸ್ಸು ಹೋದದ್ದು ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದಲ್ಲಿ ನಡೆದ ಒಂದು ತಕರಾರಿನ ಕಡೆಗೆ. ಬೀಡಿ ಕಟ್ಟಿ ಜೀವನ ಸಾಗಿಸುತ್ತಿದ್ದ ಒಬ್ಬ ವಿಧವೆ ಮಗಳ ಮದುವೆಗೆಂದು ಕೂಡಿಟ್ಟ ನಲವತ್ತು ಸಾವಿರ ರೂಪಾಯಿಯನ್ನು ಬೀದಿಯ ಕಿರಾಣಿ ಅಂಗಡಿಯವರ ಕೈಗೆ ಕೊಟ್ಟಿದ್ದಳು. “ಭಾಯಿ, ನಿಮ್ಮ ಹತ್ತಿರ ಇರಲಿ, ಬೇಕಾದಾಗ ಕೇಳ್ತೀನಿ” ಎಂದಷ್ಟೇ ಹೇಳಿದ್ದಳು. ಕಾಗದವಿಲ್ಲ, ಸಾಕ್ಷಿಯಿಲ್ಲ. ಅವರು ಕೆಟ್ಟವರಲ್ಲ, ಐದು ಹೊತ್ತಿನ ನಮಾಝಿಗೆ ತಪ್ಪದವರು. ಆ ವರ್ಷ ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿ ಅಕ್ಕಿ, ಸಕ್ಕರೆ ಮೂಟೆಗಳೆಲ್ಲ ಹಾಳಾದವು. ಮದುವೆ ಗೊತ್ತಾಗಿ ಆಕೆ ಹಣ ಕೇಳಿದಾಗ ಅವರು, “ಅದು ಅಮಾನತ್ ಆಗಿತ್ತು ಬಹನ್. ಅಮಾನತ್ ಕೈಮೀರಿ ನಾಶವಾದರೆ ಇಟ್ಟುಕೊಂಡವನು ಹೊಣೆಯಲ್ಲ ಅಂತ ಕಿತಾಬಿನಲ್ಲೇ ಇದೆ” ಎಂದರು. ಆಕೆ ಹೇಳಿದ್ದು ಒಂದೇ ಮಾತು: “ನಾನು ನಿಮ್ಮ ಮೇಲೆ ಭರೋಸಾ ಇಟ್ಟಿದ್ದೆ.”

ಮಸೀದಿಯ ಅಂಗಳದಲ್ಲಿ ಹಿರಿಯರು ಸೇರಿದಾಗ ಅರ್ಧದಷ್ಟು ಜನ ಅಂಗಡಿಯವರ ಪರ, ಉಳಿದವರು ಆಕೆಯ ಪರ. ಮೌಲವಿ ಸಾಹೇಬರು ಎರಡೂ ಕಡೆಯ ವಾದ ಕೇಳಿ ಒಂದೇ ಒಂದು ಪ್ರಶ್ನೆ ಕೇಳಿದರು. “ಆಕೆ ಕೊಟ್ಟ ನೋಟುಗಳು ಮಳೆ ಬಂದ ದಿನ ಎಲ್ಲಿದ್ದವು?” ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಲು ತರಲು ಹಾಕಿದ್ದೆ” ಎಂದರು. ಅಲ್ಲಿಗೆ ವಿಷಯ ಮುಗಿಯಿತು. ಕಿತಾಬಿನಲ್ಲಿ ಅವರು ಹೇಳಿದ ಮಾತು ಇರುವುದು ನಿಜ. ಆದರೆ ಅದು ವಸ್ತುವನ್ನು ಮುಟ್ಟದೆ, ತನ್ನ ವಸ್ತುವಿನಂತೆಯೇ ಜೋಪಾನ ಮಾಡಿದವನಿಗೆ. ಕೇಳದೆ ಅದನ್ನು ಬಳಸಿದ ಕ್ಷಣದಲ್ಲೇ ಆತ ಅಮಾನತ್ತಿನ ಎಲ್ಲೆ ಮೀರಿದ. ಆಮೇಲೆ ನಷ್ಟ ಹೇಗೇ ಆದರೂ ಹೊಣೆ ಅವನದೇ. ಕೇಳಿ, ಒಪ್ಪಿಗೆ ಪಡೆದು ಬಳಸಿದ್ದರೆ ಅದು ‘ಕರ್ಝ್’, ಅಂದರೆ ಸಾಲ. ಸಾಲದ ಹಣ ಬೆಂಕಿಗೆ ಬೀಳಲಿ, ನೀರಿಗೆ ಬೀಳಲಿ, ತೀರಿಸಲೇಬೇಕು.

ಈ ವ್ಯತ್ಯಾಸವನ್ನು ತನ್ನ ವಿರುದ್ಧವೇ ಬಳಸಿಕೊಂಡ ಒಬ್ಬರು ಇಸ್ಲಾಮಿನ ಚರಿತ್ರೆಯಲ್ಲಿದ್ದಾರೆ. ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ) ಅವರ ಬಳಿ ಜನ ಅಮಾನತ್ ಇಡಲು ಬಂದಾಗ ಅವರು ಒಪ್ಪುತ್ತಿರಲಿಲ್ಲ. ಇದು ಅಮಾನತ್ ಬೇಡ, ಸಾಲವೆಂದು ಕೊಡಿ ಎನ್ನುತ್ತಿದ್ದರು. ಕಳೆದುಹೋದರೆ ಜನರಿಗೆ ನಷ್ಟವಾಗುವುದಲ್ಲ ಎಂಬ ಭಯ ಅವರಿಗೆ. ಅಂದರೆ ಕಾನೂನು ತನಗೆ ಕೊಟ್ಟಿದ್ದ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟು ಪೂರ್ತಿ ಹೊಣೆ ಹೊತ್ತರು. 656ರಲ್ಲಿ ಅವರು ಹತರಾದಾಗ ಮಗ ಅಬ್ದುಲ್ಲಾ ಲೆಕ್ಕ ಹಾಕಿದರೆ ಸಾಲ 22 ಲಕ್ಷ! ನಗದು ಒಂದು ದಿರ್ಹಮ್ ಕೂಡ ಇರಲಿಲ್ಲ, ಇದ್ದದ್ದು ಜಮೀನು ಮತ್ತು ಮನೆಗಳು. ತೀರಿಸಲಾಗದಿದ್ದರೆ ನನ್ನ ಮೌಲಾನ ಸಹಾಯ ಕೇಳು ಎಂದು ತಂದೆ ಹೇಳಿದ್ದರು. ಮೌಲಾ ಯಾರೆಂದು ಮಗ ಕೇಳಿದ್ದಕ್ಕೆ ಅಲ್ಲಾಹ್ ಎಂದು ಉತ್ತರಿಸಿದ್ದರು. 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದ ಗಾಬಾ ಎಂಬ ಜಮೀನು 16 ಲಕ್ಷಕ್ಕೆ ಮಾರಾಟವಾಯಿತು. ಸಾಲವೆಲ್ಲ ತೀರಿದ ಮೇಲೂ ಅಬ್ದುಲ್ಲಾ ವಾರಸುದಾರರಿಗೆ ಪಾಲು ಹಂಚಲಿಲ್ಲ. ನಾಲ್ಕು ವರ್ಷ ಹಜ್ಜಿನ ಸಮಯದಲ್ಲಿ, ಝುಬೈರರಿಂದ ಬರಬೇಕಾದ್ದು ಯಾರಿಗಾದರೂ ಇದ್ದರೆ ಬನ್ನಿ ಎಂದು ಸಾರಿಸಿದರು. ಆಮೇಲೆಯೇ ಹಂಚಿದರು. ಬುಖಾರಿಯಲ್ಲಿರುವ ಈ ವಿವರವನ್ನು ಓದುವಾಗ ಏತಿಬಾರ್, ಅಮಾನತ್, ಕರ್ಝ್, ತವಕ್ಕುಲ್ ನಾಲ್ಕೂ ಒಂದೇ ಮನೆಯಲ್ಲಿ, ಆದರೆ ತಮ್ಮ ತಮ್ಮ ಜಾಗದಲ್ಲಿ ನಿಂತಿರುವುದು ಕಾಣುತ್ತದೆ.

“ಕಾಗದ ಮಾಡಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?” ಎಂದು ಅಂದು ಅಂಗಳದಲ್ಲಿ ಒಬ್ಬರು ಕೇಳಿದರು. ಅದಕ್ಕೆ ಇನ್ನೊಬ್ಬರು, “ನಮ್ಮ ನಮ್ಮಲ್ಲೇ ಕಾಗದ ಅಂದರೆ ಭರೋಸಾ ಇಲ್ಲ ಅಂತ ಆಗೋದಿಲ್ವೇ?” ಎಂದರು. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ, ಭಾವ ಮೈದುನರ ನಡುವೆ ಸಾವಿರಾರು ರೂಪಾಯಿಗಳು ಕೈಬದಲಾಗುವುದು ಈ ದಾಕ್ಷಿಣ್ಯದಲ್ಲೇ. ಕೊಡುವವರಿಗೆ ಕೇಳಲು ಸಂಕೋಚ, ಪಡೆಯುವವರಿಗೆ ಬರೆದುಕೊಡಲು ಅಭಿಮಾನ. ಆದರೆ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಎಷ್ಟು ಮಂದಿ ಗಮನಿಸಿದ್ದೇವೆ? ಅಲ್ ಬಕರಾದ 282ನೆಯ ಸೂಕ್ತ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ ಅದು ವಿವರವಾಗಿ ಹೇಳುತ್ತದೆ. ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದೆಂಬ ಸೂಚನೆಯೂ ಅಲ್ಲಿದೆ. ಒಬ್ಬರ ಮೇಲೊಬ್ಬರು ವಿಶ್ವಾಸವಿಟ್ಟು ವ್ಯವಹರಿಸಿದರೆ ಪಡೆದವನು ತನ್ನ ಅಮಾನತ್ತನ್ನು ಸಲ್ಲಿಸಲಿ ಎಂಬ ಮಾತು ಬರುವುದು ಅದರ ಮುಂದಿನ ಸೂಕ್ತದಲ್ಲಿ, ಪ್ರಯಾಣದಲ್ಲಿ ಬರೆಯುವವನು ಸಿಗದಿದ್ದಾಗ ಏನು ಮಾಡಬೇಕೆಂದು ಹೇಳಿದ ಬಳಿಕ. ಒಂಟೆಗೆ ಕಟ್ಟುವ ಹಗ್ಗವೆಂದು ನಾನು ಹೇಳಿದ್ದು ಈ ಕಾಗದವನ್ನೇ.

ಅಂಗಡಿಯವರು ಆ ದಿನವೇ ಸ್ಟಾಂಪ್ ಕಾಗದದಲ್ಲಿ ಬರೆದುಕೊಟ್ಟರು. ಮದುವೆಗೆ ತಕ್ಷಣ ಹದಿನೈದು ಸಾವಿರ, ಉಳಿದದ್ದು ತಿಂಗಳ ಕಂತಿನಲ್ಲಿ. ಕಾಗದದಲ್ಲಿ ‘ಅಮಾನತ್’ ಎಂದು ಬರೆಯಲು ಹೊರಟವರನ್ನು ಮೌಲವಿ ಸಾಹೇಬರು ತಡೆದು ‘ಕರ್ಝ್’ ಎಂದು ಬರೆಸಿದರು. ಎರಡು ವರ್ಷ ಹಿಡಿಯಿತು. ಕೊನೆಯ ಕಂತು ಕೈಸೇರಿದ ದಿನ ಆಕೆ ಕಾಗದವನ್ನು ಅವರ ಎದುರೇ ಹರಿಯಲು ಹೋದಳು. ಅವರು ಬೇಡವೆಂದು ಕೈಚಾಚಿ ಪಡೆದು, ಕೆಳಗೆ ‘ಪೂರ್ತಿ ಸಂದಾಯವಾಯಿತು’ ಎಂದು ತಾರೀಖು ಹಾಕಿ, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರು.